ಒಂದು ಹೆಚ್ಚುವರಿ ತವರು ಪಂದ್ಯ ಯಾರ ಪಾಲಿಗೆ? ಐಎಸ್‌ಎಲ್ ವೇಳಾಪಟ್ಟಿಗೆ ಲಿಖಿತ ನಿಯಮ ಬೇಕು

ಮಾನ್ಯ ಸಂಪಾದಕರೆ,

ವಾಣಿಜ್ಯ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ತಿಂಗಳುಗಟ್ಟಲೆ ತಡವಾಗಿ, 2026ರ ಫೆಬ್ರುವರಿ 14ರಂದು ಶುರುವಾದ 2025-26ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲನ್ನು 14 ತಂಡ, ಒಂದೇ ಸುತ್ತು (ಪ್ರತಿ ತಂಡವೂ ಉಳಿದ ಪ್ರತಿ ತಂಡದ ಎದುರು ಒಮ್ಮೆ ಮಾತ್ರ), 91 ಪಂದ್ಯಗಳಿಗೆ ಮೊಟಕು ಮಾಡಲಾಯಿತು. ಲೀಗ್ ನಡೆಯಿತಲ್ಲ ಎಂಬ ನೆಮ್ಮದಿಯಲ್ಲಿ ಒಂದು ಸಣ್ಣ ಲೆಕ್ಕ ಯಾರ ಗಮನಕ್ಕೂ ಬೀಳಲಿಲ್ಲ. ತಂಡಕ್ಕೆ 13 ಪಂದ್ಯ. 13 ಬೆಸ ಸಂಖ್ಯೆ. ಎಷ್ಟೇ ಜಾಣತನದಿಂದ ಬರೆದರೂ 7 ತಂಡಗಳಿಗೆ 7 ತವರು ಪಂದ್ಯ, ಉಳಿದ 7 ತಂಡಗಳಿಗೆ 6. ನಲವತ್ತೊಂಬತ್ತಕ್ಕೆ ನಲವತ್ತೆರಡು ಕೂಡಿದರೆ 91. ಇದಕ್ಕಿಂತ ಸಮನಾಗಿ ಹಂಚಲು ಬರುವುದಿಲ್ಲ. ಹಾಗಿದ್ದಮೇಲೆ ಆ ಏಳನೆಯ ತವರು ಪಂದ್ಯ ಯಾರಿಗೆ ಸೇರಬೇಕು ಎಂಬುದಕ್ಕೆ ಮೊದಲೇ ಬರೆದಿಟ್ಟ ನಿಯಮ ಇರಬೇಕು. ತಂಡಗಳ ಹೆಸರು ತುಂಬುವ ಮೊದಲೇ ನ್ಯಾಯ ನಿರ್ಧಾರವಾಗಬೇಕು ಎಂಬುದಷ್ಟೇ ಈ ಪತ್ರದ ಒತ್ತಾಯ. ಅದು ಹೇಗೆ ಸಾಧ್ಯ ಎಂಬುದನ್ನು ಅಂಕಿ ಸಮೇತ ಹೇಳುತ್ತೇವೆ.

ಒಂದೇ ಸುತ್ತಿನ ಲೀಗ್ ಮತ್ತೆ ಬಂದರೆ ಏನು ಮಾಡಬಹುದು ಎಂಬುದು ಮೊದಲು. ಹಿಂದಿನ ಋತುವಿನ ಅಂಕಪಟ್ಟಿಯ ಪ್ರಕಾರ 1ರಿಂದ 7 ಒಂದು ಗುಂಪು, 8ರಿಂದ 14 ಇನ್ನೊಂದು ಗುಂಪು ಎಂದು ಹಿಡಿಯಿರಿ. ಹೊಸದಾಗಿ ಬಡ್ತಿ ಪಡೆದ ತಂಡ ಕೊನೆಯ ಸ್ಥಾನಕ್ಕೆ. ಏಳರ ಗುಂಪಿನೊಳಗೆ ಪ್ರತಿ ತಂಡಕ್ಕೆ 6 ಪಂದ್ಯ ಬರುತ್ತವೆ. ಅವನ್ನು 3 ತವರಿನಲ್ಲಿ, 3 ಹೊರಗೆ ಎಂದು ತುಸುವೂ ಹೆಚ್ಚುಕಡಿಮೆ ಇಲ್ಲದೆ ಹಂಚಬಹುದು. ಅಂದರೆ ಬಲಿಷ್ಠರ ನಡುವಿನ ಪಂದ್ಯಗಳಲ್ಲಿ ಯಾರಿಗೂ ಹೆಚ್ಚಿನ ಅನುಕೂಲ ಇಲ್ಲ. ಅಸಮತೆ ಉಳಿಯುವುದು ಎರಡು ಗುಂಪುಗಳ ನಡುವಿನ 49 ಪಂದ್ಯಗಳಲ್ಲಿ ಮಾತ್ರ. ಅಲ್ಲಿ ಸ್ಥಾನಗಳನ್ನು ಜೋಡಿ ಮಾಡಿ: 1-2, 3-4, 5-6, 7-8, ಹೀಗೆ 13-14ರ ತನಕ. ಪ್ರತಿ ಜೋಡಿಯಲ್ಲಿ ಚೀಟಿ ಎತ್ತಿ ಒಬ್ಬರಿಗೆ ಒಟ್ಟು 7 ತವರು ಪಂದ್ಯ, ಇನ್ನೊಬ್ಬರಿಗೆ 6. ಪ್ರಶಸ್ತಿಗೆ ಪೈಪೋಟಿ ನಡೆಸುವ ಇಬ್ಬರಿಗೂ ಒಟ್ಟಿಗೆ ಹೆಚ್ಚುವರಿ ಪಂದ್ಯ ಸಿಗುವುದಿಲ್ಲ, ತಳದಲ್ಲಿ ಒದ್ದಾಡುವ ಇಬ್ಬರಿಗೂ ಒಟ್ಟಿಗೆ ತಪ್ಪಿಹೋಗುವುದಿಲ್ಲ. ಮುಂದಿನ ಸಲ ಒಂದೇ ಸುತ್ತು ಬಂದರೆ ಹಿಂದಿನ ಆತಿಥೇಯ ಅತಿಥಿಯಾಗಬೇಕು. ಇಷ್ಟಕ್ಕೆ ಕಂಪ್ಯೂಟರ್ ಕೂಡ ಬೇಡ. ಒಂದು ಹಾಳೆ, ಏಳು ಚೀಟಿ ಸಾಕು.

ಈಗ ಪೂರ್ಣ ಲೀಗಿನ ವಿಷಯ, ಅಂದರೆ ಎಲ್ಲರೂ ಎಲ್ಲರ ವಿರುದ್ಧ ತವರಿನಲ್ಲೊಮ್ಮೆ, ಹೊರಗೊಮ್ಮೆ. 14 ತಂಡಗಳಿಗೆ 26 ಸುತ್ತು, 182 ಪಂದ್ಯ. ಇಲ್ಲಿಂದ ಮುಂದೆ ಸುತ್ತು ಎಂದರೆ ತಂಡಗಳು ಒಂದೊಂದು ಪಂದ್ಯ ಆಡುವ ಸರದಿ. ತಂಡಗಳ ಸಂಖ್ಯೆ ಸಮ ಇರುವುದೇ ಒಂದು ಭಾಗ್ಯ. 2024-25ರಲ್ಲಿ 13 ತಂಡಗಳಿದ್ದವು. 156 ಪಂದ್ಯಗಳಿಗೆ 26 ಸುತ್ತು ಬೇಕಾಗಿ, ಪ್ರತಿ ಸುತ್ತಿನಲ್ಲಿ ಒಂದು ತಂಡ ಸುಮ್ಮನೆ ಕೂರಬೇಕಿತ್ತು. ನಡುವೆ ಸಿಗುವ ಬಿಡುವು ಉಪಕಾರಿ. ಆದರೆ ಕೊನೆಯ ಸುತ್ತಿನಲ್ಲಿ ಬಿಡುವು ಬಿದ್ದ ತಂಡ ತನ್ನ ಅಂಕಗಳನ್ನು ಮುಗಿಸಿ, ಪ್ಲೇಆಫ್‌ಗೆ (ಲೀಗಿನ ನಂತರದ ನಾಕೌಟ್ ಹಂತಕ್ಕೆ) ಬೇಕಾದ ಆರನೆಯ ಸ್ಥಾನ ಉಳಿಯುತ್ತದೋ ಇಲ್ಲವೋ ಎಂದು ಬೇರೆಯವರ ಆಟ ನೋಡುತ್ತಾ ಕೂರಬೇಕಾಗುತ್ತದೆ. ಬೆಸ ಸಂಖ್ಯೆಯ ಲೀಗಿನಲ್ಲಿ ಕೊನೆಯ ಸುತ್ತಿನ ಬಿಡುವು ಯಾರಿಗೆ ಎಂಬುದೇ ಮೊದಲು ಎತ್ತಬೇಕಾದ ಚೀಟಿ. ಮುಂದೆ ತಂಡಗಳ ಸಂಖ್ಯೆ 12 ಆಗಲಿ, 16 ಆಗಲಿ, ಇಲ್ಲಿ ಹೇಳುವ ಕ್ರಮ ಬದಲಾಗದು.

ತಂಡಗಳಿಗೆ 1ರಿಂದ 14ರವರೆಗೆ ಸಂಖ್ಯೆ ಕೊಡಿ. ಹೆಸರು ಈಗಲೇ ಬೇಡ. ಸುತ್ತಿನ ಸಂಖ್ಯೆಯನ್ನು ಇಮ್ಮಡಿ ಮಾಡಿ. ಯಾವ ಎರಡು ತಂಡಗಳ ಸಂಖ್ಯೆ ಕೂಡಿದರೆ ಆ ಮೊತ್ತ ಬರುತ್ತದೋ, ಅಥವಾ ಅದಕ್ಕಿಂತ 13 ಹೆಚ್ಚೋ 13 ಕಡಿಮೆಯೋ ಬರುತ್ತದೋ, ಅವು ಆ ಸುತ್ತಿನ ಎದುರಾಳಿಗಳು. ಸುತ್ತಿನ ಸಂಖ್ಯೆಯನ್ನೇ ಹೊತ್ತ ತಂಡ 14ರ ಎದುರು ಆಡುತ್ತದೆ. ಐದನೆಯ ಸುತ್ತು ನೋಡಿ: ಇಮ್ಮಡಿ 10. ಮೊತ್ತ 10 ಆಗುವವು 4-6, 3-7, 2-8, 1-9, ಮೊತ್ತ 23 ಆಗುವವು 10-13, 11-12, ಉಳಿದದ್ದು 5-14. ಏಳು ಪಂದ್ಯ, ಯಾರೂ ಬಿಟ್ಟುಹೋಗಿಲ್ಲ, ಯಾರೂ ಎರಡು ಸಲ ಬಂದಿಲ್ಲ. ಹೀಗೆ 13 ಸುತ್ತು ಬರೆದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನು ಒಮ್ಮೆ ಎದುರಿಸಿರುತ್ತಾರೆ.

ಆತಿಥೇಯ ಯಾರು? ತಂಡದ ಸಂಖ್ಯೆಯಿಂದ ಸುತ್ತಿನ ಸಂಖ್ಯೆ ಕಳೆಯಿರಿ. ಉತ್ತರ ಸೊನ್ನೆಗಿಂತ ಕಡಿಮೆಯಾದರೆ 13 ಸೇರಿಸಿ. ಸಮ ಬಂದರೆ ತವರು, ಬೆಸ ಬಂದರೆ ಹೊರಗೆ. 14ರ ಪಂದ್ಯಕ್ಕೆ ಮಾತ್ರ ಬೇರೆ ನಿಯಮ: ಬೆಸ ಸುತ್ತಿನಲ್ಲಿ 14 ಆತಿಥೇಯ, ಸಮ ಸುತ್ತಿನಲ್ಲಿ ಅತಿಥಿ. ಐದನೆಯ ಸುತ್ತಿಗೆ ಇದನ್ನು ಹಚ್ಚಿದರೆ 4ರ ಅಂಗಳದಲ್ಲಿ 6, 7ರಲ್ಲಿ 3, 2ರಲ್ಲಿ 8, 9ರಲ್ಲಿ 1, 13ರಲ್ಲಿ 10, 11ರಲ್ಲಿ 12, 14ರಲ್ಲಿ 5. ಪೆನ್ನು ಕಾಗದ ಹಿಡಿದು ಯಾರು ಬೇಕಾದರೂ ಸರಿ ನೋಡಬಹುದು. ನೋಡಲೇಬೇಕು ಎಂದು ನಮ್ಮ ಕೋರಿಕೆ. ವೇಳಾಪಟ್ಟಿಯ ನ್ಯಾಯ ಪರಿಣತರ ಕೋಣೆಯ ಗುಟ್ಟಾಗಿ ಉಳಿಯಬಾರದು.

ಆದರ್ಶ ಲಯ ಎಂದರೆ ತವರು, ಹೊರಗೆ, ತವರು, ಹೊರಗೆ. ಎರಡು ತವರು ಪಂದ್ಯ ಅಥವಾ ಎರಡು ಹೊರಗಿನ ಪಂದ್ಯ ಒಂದರ ಹಿಂದೊಂದು ಬಂದರೆ ಈ ಕೆಲಸ ಮಾಡುವವರು ಅದನ್ನು ಬ್ರೇಕ್ ಎನ್ನುತ್ತಾರೆ. ಎರಡು ಸಲ ಸತತ ಹೊರಗೆ ಹೋದ ತಂಡದ ಅಭಿಮಾನಿಗಳು ಸುಮಾರು ಮೂರು ವಾರ ಕ್ರೀಡಾಂಗಣದ ಮುಖ ನೋಡುವುದಿಲ್ಲ. ಟಿಕೆಟ್ ಹಣ ಬರುವುದಿಲ್ಲ. ಸೋತರೆ ತಿದ್ದಿಕೊಳ್ಳಲು ತವರಿನ ಬೆಂಬಲವಿಲ್ಲ. ಬ್ರೇಕ್ ಸಂಪೂರ್ಣ ಇಲ್ಲದ ವೇಳಾಪಟ್ಟಿ ಸಾಧ್ಯವೇ? ಇಲ್ಲ. ಕಾರಣ ಸರಳ. ಬ್ರೇಕ್ ಇಲ್ಲದ ಲಯ ಎರಡೇ: ತವರಿನಿಂದ ಶುರುವಾಗುವುದು, ಹೊರಗಿನಿಂದ ಶುರುವಾಗುವುದು. ಎರಡು ತಂಡಗಳ ಲಯ ಒಂದೇ ಆದರೆ ಅವು ಯಾವಾಗಲೂ ಒಟ್ಟಿಗೆ ತವರಿನಲ್ಲಿ ಅಥವಾ ಒಟ್ಟಿಗೆ ಹೊರಗೆ ಇರುತ್ತವೆ. ಹಾಗಾದರೆ ಪರಸ್ಪರ ಆಡುವುದು ಎಂದು? ಆದ್ದರಿಂದ ಬ್ರೇಕ್ ಇಲ್ಲದ ತಂಡಗಳು ಹೆಚ್ಚೆಂದರೆ ಎರಡು. ಉಳಿದ 12ಕ್ಕೆ ಕನಿಷ್ಠ ಒಂದೊಂದು. ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೊಮಿನಿಕ್ ಡಿ ವೆರಾ 1980ರ ದಶಕದ ಆರಂಭದಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ. ಮೇಲಿನ ಕ್ರಮ ಕೊಡುವುದು ಸರಿಯಾಗಿ 12 ಬ್ರೇಕ್. ಇನ್ನು ಇಳಿಸಲು ಜಾಗವಿಲ್ಲ.

ಎಡವಟ್ಟು ಆಗುವುದು ಎರಡನೆಯ ಅರ್ಧದಲ್ಲಿ. ಸಾಮಾನ್ಯವಾಗಿ ಮಾಡುವುದೇನೆಂದರೆ ಮೊದಲ 13 ಸುತ್ತುಗಳನ್ನು ಅದೇ ಕ್ರಮದಲ್ಲಿ, ತವರು-ಹೊರಗು ಅದಲುಬದಲು ಮಾಡಿ ಮತ್ತೆ ಬರೆಯುವುದು. ಇದಕ್ಕೆ ಕನ್ನಡಿ ಪದ್ಧತಿ ಎನ್ನೋಣ. ನೋಡಲು ಅಚ್ಚುಕಟ್ಟು. ಆದರೆ ಲೆಕ್ಕ ಹಾಕಿ: ಬ್ರೇಕ್ ಇಲ್ಲದ 1 ಮತ್ತು 14ಕ್ಕೆ ಇಡೀ ಋತುವಿನಲ್ಲಿ ಬ್ರೇಕ್ ಸೊನ್ನೆ. ಉಳಿದ 12 ತಂಡಗಳಿಗೆ ಮೊದಲ ಅರ್ಧದಲ್ಲಿ ಒಂದು, ಎರಡನೆಯ ಅರ್ಧದಲ್ಲಿ ಒಂದು, ಇವೆರಡು ಸೇರುವ 13-14ನೆಯ ಸುತ್ತುಗಳ ನಡುವೆ ಇನ್ನೊಂದು, ತಲಾ ಮೂರು. ಒಟ್ಟು 36. ಇಬ್ಬರಿಗೆ ಸೊನ್ನೆ, ಹನ್ನೆರಡು ಮಂದಿಗೆ ಮೂರು. ಇದನ್ನು ಸಮಾನ ವೇಳಾಪಟ್ಟಿ ಎನ್ನಲಾಗದು.

ಇದಕ್ಕೆ ಪರಿಹಾರ ಫ್ರೆಂಚ್ ಪದ್ಧತಿ ಎಂದು ಹೆಸರಾದದ್ದು. ಎರಡನೆಯ ಅರ್ಧವನ್ನು ಮೊದಲ ಸುತ್ತಿನಿಂದಲ್ಲ, ಎರಡನೆಯ ಸುತ್ತಿನಿಂದ ಆರಂಭಿಸಬೇಕು: 14ನೆಯ ಸುತ್ತು 2ರ ಮಗುಚು (ಅದೇ ಪಂದ್ಯಗಳು, ತವರು-ಹೊರಗು ಅದಲುಬದಲು), 15ನೆಯದು 3ರ ಮಗುಚು, ಹೀಗೆ 25ನೆಯದು 13ರ ಮಗುಚು. ಮೊದಲ ಸುತ್ತಿನ ಮಗುಚು ಕಟ್ಟಕಡೆಗೆ, 26ನೆಯದಾಗಿ. ಒಂದೇ ಒಂದು ಸುತ್ತನ್ನು ತಲೆಯಿಂದ ತೆಗೆದು ಬಾಲಕ್ಕೆ ಹಾಕಿದ್ದಷ್ಟೇ. ಫಲ ಮಾತ್ರ ಅಚ್ಚರಿಯದು. ಹದಿನಾಲ್ಕೂ ತಂಡಗಳಿಗೆ ತಲಾ ಎರಡು ಬ್ರೇಕ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಟ್ಟು 28. ಒಂದೇ ಎದುರಾಳಿಯನ್ನು ಮತ್ತೆ ಎದುರಿಸಲು ಕನಿಷ್ಠ 12 ಸುತ್ತುಗಳ ಅಂತರವೂ ಉಳಿಯುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಸಾಧ್ಯವಾದಲ್ಲೆಲ್ಲ ಪಾಲಿಸುವ ಕ್ರಮ ಒಂದಿದೆ: ಯಾವುದೇ ಸತತ 5 ಪಂದ್ಯಗಳಲ್ಲಿ ತವರು-ಹೊರಗು 3-2 ಅಥವಾ 2-3 ಇರಬೇಕು. ಈ ಪಟ್ಟಿಯಲ್ಲಿ ಅದು ಎಲ್ಲ ತಂಡಗಳಿಗೂ, ಋತುವಿನುದ್ದಕ್ಕೂ ತಾನಾಗಿ ಪಾಲನೆಯಾಗುತ್ತದೆ. ದಕ್ಷಿಣ ಅಮೆರಿಕದ ವಿಶ್ವಕಪ್ ಅರ್ಹತಾ ಟೂರ್ನಿ ವರ್ಷಗಟ್ಟಲೆ ಕನ್ನಡಿ ಪದ್ಧತಿಯಲ್ಲೇ ನಡೆದು, 2018ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳಿಗೆ ಫ್ರೆಂಚ್ ಪದ್ಧತಿಗೆ ಬದಲಾಯಿತು. ಹತ್ತು ರಾಷ್ಟ್ರಗಳು ಒಪ್ಪಿಕೊಂಡದ್ದನ್ನು ಹದಿನಾಲ್ಕು ಕ್ಲಬ್‌ಗಳು ಒಪ್ಪಲು ಅಡ್ಡಿಯೇನಿಲ್ಲ.

ಇದರಲ್ಲೂ ಒಂದು ಕೊರತೆ ಇದೆ, ಮುಚ್ಚಿಡುವುದು ಸರಿಯಲ್ಲ. 1 ಮತ್ತು 14ರ ಎರಡನೆಯ ಬ್ರೇಕ್ ಬೀಳುವುದು ಋತುವಿನ ಕೊನೆಯ ಎರಡು ಸುತ್ತುಗಳಲ್ಲಿ. 1ನೆಯ ತಂಡ ಎರಡು ತವರು ಪಂದ್ಯಗಳಿಂದ ಮುಗಿಸುತ್ತದೆ, 14ನೆಯದು ಎರಡು ಹೊರಗಿನ ಪಂದ್ಯಗಳಿಂದ. ಅದೂ ಕೊನೆಯ ದಿನ 14 ಆಡುವುದು 1ರ ಅಂಗಳದಲ್ಲೇ. ಒಂದೇ ಕ್ರೀಡಾಂಗಣ ಹಂಚಿಕೊಳ್ಳುವ ಎರಡು ತಂಡಗಳಿಗೆ ಈ ಸಂಖ್ಯೆ ಕೊಟ್ಟರೆ ಪ್ರಯಾಣದ ತೊಂದರೆ ಕರಗಿಹೋಗುತ್ತದೆ. ಅಂಥ ಜೋಡಿ ಕೋಲ್ಕತ್ತದಲ್ಲಿದೆ: ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್, ಇಬ್ಬರಿಗೂ ಸಾಲ್ಟ್ ಲೇಕ್ ಅಂಗಳ. ಆದರೆ ಆಗ ದೇಶದ ಅತಿದೊಡ್ಡ ಡರ್ಬಿ, ಅಂದರೆ ಒಂದೇ ಊರಿನ ಈ ಎರಡು ತಂಡಗಳ ಪಂದ್ಯ, ಮೊದಲ ದಿನವೊಮ್ಮೆ, ಕೊನೆಯ ದಿನವೊಮ್ಮೆ ಬರುತ್ತದೆ. ಕೊನೆಯ ಸುತ್ತಿನ ಎಲ್ಲ ಪಂದ್ಯಗಳು ಏಕಕಾಲಕ್ಕೆ ನಡೆಯಬೇಕಾಗಿರುವುದರಿಂದ ಪ್ರಸಾರಕರು ಇದಕ್ಕೆ ಒಪ್ಪುವ ಸಾಧ್ಯತೆ ಕಡಿಮೆ, ಪೊಲೀಸರೂ ಒಪ್ಪಲಿಕ್ಕಿಲ್ಲ. ನಮ್ಮ ಮಟ್ಟಿಗೆ 1 ಮತ್ತು 14ನ್ನು ಹಿಂದಿನ ಋತುವಿನ ಅಕ್ಕಪಕ್ಕದ ಸ್ಥಾನದ, ಮಧ್ಯಭಾಗದ ಎರಡು ತಂಡಗಳಿಗೆ ಚೀಟಿ ಎತ್ತಿ ಕೊಡುವುದು ಉತ್ತಮ. ಒಂದು ತಂಡಕ್ಕೆ ಸತತ ಎರಡು ವರ್ಷ ಆ ಸಂಖ್ಯೆ ಬರಬಾರದು.

ಕೋಲ್ಕತ್ತದ ವಿಷಯಕ್ಕೇ ಬರೋಣ, ಏಕೆಂದರೆ ಅಲ್ಲೇ ಗಂಟು ಇರುವುದು. ಮೇಲಿನ ಕ್ರಮದಲ್ಲಿ 2-3, 4-5, 6-7, 8-9, 10-11, 12-13, ಹಾಗೆಯೇ 1-14 ಪೂರಕ ಜೋಡಿಗಳು: ಜೋಡಿಯ ಒಬ್ಬರು ತವರಿನಲ್ಲಿದ್ದಾಗ ಇನ್ನೊಬ್ಬರು ಖಂಡಿತ ಹೊರಗೆ. ಅಂಗಳ ಹಂಚಿಕೊಳ್ಳುವವರಿಗೆ ಇಂಥ ಒಂದು ಜೋಡಿ ಕೊಟ್ಟರೆ ಹುಲ್ಲಿಗೂ ವಿಶ್ರಾಂತಿ, ಪೊಲೀಸರಿಗೂ ನೆಮ್ಮದಿ. ಆದರೆ ನಗರದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರನೆಯ ತಂಡವೂ ಇದೆ. ಮೂವರಲ್ಲಿ ಪರಸ್ಪರ ಪೂರಕರಾಗಲು ಇಬ್ಬರಿಗಷ್ಟೇ ಸಾಧ್ಯ. ಹಾಗಾಗಿ ಸರಿಸುಮಾರು ಅರ್ಧದಷ್ಟು ಸುತ್ತುಗಳಲ್ಲಿ ಕೋಲ್ಕತ್ತಕ್ಕೆ ಎರಡು ಪಂದ್ಯ ಬಂದೇ ಬರುತ್ತವೆ. ಅವನ್ನು ಬೇರೆ ಬೇರೆ ದಿನ, ನಡುವೆ ಕನಿಷ್ಠ ಒಂದು ದಿನ ಬಿಟ್ಟು ಇಡಬೇಕೆಂಬ ಷರತ್ತನ್ನು ಮೊದಲೇ ಬರೆದಿಡದಿದ್ದರೆ ಋತುವಿನ ನಡುವೆ ಅನುಮತಿ ಸಿಗದೆ ದಿನಾಂಕ ಜರುಗುತ್ತದೆ. ಒಂದು ಜರುಗಿದರೆ ಅದರ ಹಿಂದೆ ಮೂರು ಜರುಗುತ್ತವೆ.

ಪೂರಕ ಜೋಡಿಗೆ ಇನ್ನೊಂದು ಮುಳ್ಳೂ ಇದೆ. ದುರ್ಗಾ ಪೂಜೆಯ ದಿನಗಳಲ್ಲಿ ಕೋಲ್ಕತ್ತದ ಪೊಲೀಸ್ ಬಲವೆಲ್ಲ ಪೆಂಡಾಲುಗಳ ಕಡೆ ಇರುತ್ತದೆ. ಆ ವಾರ ಮೂರೂ ತಂಡಗಳನ್ನು ಹೊರಗೆ ಕಳಿಸೋಣ ಎಂದುಕೊಂಡರೆ ಆಗದು. ಜೋಡಿಯಲ್ಲಿ ಒಬ್ಬರು ತವರಿನಲ್ಲಿ ಇರಲೇಬೇಕು ಎಂದು ನಾವೇ ಕಟ್ಟಿಹಾಕಿದ್ದೇವೆ. ಆ ಒಂದು ಪಂದ್ಯವನ್ನಷ್ಟೇ ಮುಂದೂಡುವುದು ಬೇಡ. ಆ ವಾರಾಂತ್ಯವನ್ನು ಇಡೀ ಲೀಗಿಗೇ ಖಾಲಿ ಬಿಡುವುದು ಒಳ್ಳೆಯದು. ನಮ್ಮ ದಸರೆಯೂ ಅದೇ ಹೊತ್ತಿನದು.

ಬೆಂಗಳೂರಿನ ತೊಡಕು ಬೇರೆ. ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ತವರಾದ ಕಂಠೀರವ ಕ್ರೀಡಾಂಗಣ ಅಥ್ಲೀಟುಗಳದೂ ಹೌದು. ರಾಜ್ಯ, ರಾಷ್ಟ್ರ ಮಟ್ಟದ ಕೂಟಗಳ ದಿನಾಂಕ ತಿಳಿಯದೆ ಸಂಖ್ಯೆ ಹಂಚಬಾರದು. ಮಾರ್ಚ್ ಕೊನೆಯಿಂದ ಐಪಿಎಲ್. ಚಿನ್ನಸ್ವಾಮಿ ಅಂಗಳಕ್ಕೂ ಕಂಠೀರವಕ್ಕೂ ದಾರಿ ತೀರ ಹತ್ತಿರ; ಬಂದೋಬಸ್ತಿಗೆ ಅದೇ ಪೊಲೀಸರು, ಜನ ಇಳಿಯುವುದು ಅದೇ ಆಸುಪಾಸಿನ ಮೆಟ್ರೊ ನಿಲ್ದಾಣಗಳಲ್ಲಿ. ಒಂದೇ ಸಂಜೆ ಎರಡೂ ಕಡೆ ಪಂದ್ಯ ಇರಬಾರದು ಎಂಬುದು ಬೆಂಗಳೂರಿನ ಮಟ್ಟಿಗೆ ಸಡಿಲಿಸಲಾಗದ ಷರತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋದ ಮೇಲೆ ಈ ಷರತ್ತಿಗೆ ಕಾರಣ ವಿವರಿಸಬೇಕಾಗಿಲ್ಲ. ಚೆನ್ನೈಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆ, ದೆಹಲಿಗೆ ನವೆಂಬರ್ ಹೊಗೆ: ಪ್ರತಿ ಊರಿಗೂ ಅದರದೇ ಬೇಡದ ದಿನಗಳಿವೆ. ಆದರೆ ಕ್ಲಬ್‌ಗಳು ಕೇಳಿದ್ದನ್ನೆಲ್ಲ ಕೊಡುತ್ತ ಹೋದರೆ ಪಟ್ಟಿಯೇ ಹುಟ್ಟುವುದಿಲ್ಲ. ಸುರಕ್ಷತೆ ಮತ್ತು ಅಂಗಳದ ಲಭ್ಯತೆಯ ಕಾರಣಕ್ಕೆ ಎಷ್ಟಾದರೂ ಇರಲಿ, ಲಿಖಿತ ಪುರಾವೆ ಕೊಡಲಿ. ಉಳಿದ ಕಾರಣಗಳಿಗೆ ಕ್ಲಬ್‌ಗೆ ಮೂರು ದಿನಾಂಕ, ಅದಕ್ಕಿಂತ ಹೆಚ್ಚು ಬೇಡ.

ದಿನಗಳನ್ನು ಎಣಿಸದೆ ಸುತ್ತುಗಳ ಮಾತು ಪೂರ್ತಿಯಾಗದು. 2026ರಿಂದ ಫಿಫಾ ತನ್ನ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅಂತರರಾಷ್ಟ್ರೀಯ ಅವಧಿಗಳನ್ನು (ರಾಷ್ಟ್ರೀಯ ತಂಡಗಳ ಪಂದ್ಯಗಳಿಗೆ ಮೀಸಲಾದ ದಿನಗಳನ್ನು) ಒಂದುಗೂಡಿಸಿ, 4 ಪಂದ್ಯಗಳ ಒಂದೇ ದೀರ್ಘ ಬಿಡುವು ಮಾಡಿದೆ. ಅದು ಮುಗಿದ ಮೇಲೆ ಶುರು ಮಾಡುವುದು ಲೇಸು. 2026ರ ಅಕ್ಟೋಬರ್ 10ರ ಶನಿವಾರದಿಂದ 2027ರ ಮೇ 8ರ ಶನಿವಾರದವರೆಗೆ ಎಣಿಸಿದರೆ 31 ವಾರಾಂತ್ಯ. ನವೆಂಬರ್ ಮತ್ತು ಮಾರ್ಚ್ ಅಂತರರಾಷ್ಟ್ರೀಯ ಅವಧಿಗೆ ಒಂದೊಂದು ಕಳೆದರೆ 29, ಪೂಜೆಯ ವಾರ ಬಿಟ್ಟರೆ 28. ಸುತ್ತುಗಳು 26. ಮಿಕ್ಕದ್ದು ಎರಡೇ ಎರಡು. ಏಷ್ಯಾ ಮಟ್ಟದ ಟೂರ್ನಿ ಆಡುವ ಕ್ಲಬ್‌ಗಳಿಗೆ ವಾರದ ನಡುವಿನ ದಿನಗಳು ಬೇಕು. ಕಪ್ ಟೂರ್ನಿಗೂ ಅವೇ ದಿನಗಳು. ಇಷ್ಟು ಬಿಗಿಯಾದ ಪಂಚಾಂಗದಲ್ಲಿ ಆರು ತಂಡಗಳ ಪ್ಲೇಆಫ್, ಅಂದರೆ ಒಂದು ನಾಕೌಟ್, ಎರಡು ಹಂತದ ಸೆಮಿಫೈನಲ್, ಒಂದು ಫೈನಲ್ ಎಂದು ಇನ್ನೂ ನಾಲ್ಕು ದಿನಾಂಕ ತುರುಕುವುದು ಬೇಡ. 26 ಸುತ್ತು ಸಮನಾಗಿ ಆಡಿದ ಮೇಲೆ ಅಗ್ರಸ್ಥಾನದಲ್ಲಿರುವ ತಂಡವೇ ಚಾಂಪಿಯನ್ ಆಗಬೇಕು. ಪ್ಲೇಆಫ್ ಇಷ್ಟಪಡುವ ಪ್ರೇಕ್ಷಕರು ಬಹಳ ಮಂದಿ ಇದ್ದಾರೆ. ಆದರೂ ನಮ್ಮ ಅಭಿಪ್ರಾಯ ಇದೇ.

ವಿಶ್ರಾಂತಿಯ ವ್ಯತ್ಯಾಸವೇ ಇಂದಿನ ಐಎಸ್‌ಎಲ್‌ನ ದೊಡ್ಡ ಅಸಮತೆ ಎಂದು ನಾವು ಭಾವಿಸುತ್ತೇವೆ. ಟಿವಿಗಾಗಿ ಒಂದು ಸುತ್ತಿನ 7 ಪಂದ್ಯಗಳನ್ನು ಹಲವು ದಿನಗಳ ಮೇಲೆ ಹರಡುತ್ತಾರೆ. ಗುರುವಾರ 1, ಶುಕ್ರವಾರ 1, ಶನಿವಾರ 2, ಭಾನುವಾರ 2, ಸೋಮವಾರ 1 ಎಂದು ಇಟ್ಟುಕೊಳ್ಳಿ. ಸೋಮವಾರ ಆಡಿದ ತಂಡಕ್ಕೆ ಮುಂದಿನ ಪಂದ್ಯ ಗುರುವಾರ ಬಿದ್ದರೆ ಸಿಗುವುದು 3 ದಿನ. ಎದುರಾಳಿ ಹಿಂದಿನ ಗುರುವಾರ ಆಡಿದ್ದರೆ ಅದಕ್ಕೆ 7 ದಿನ. ಮೂರು ದಿನದ ತಂಡ ಗುವಾಹಟಿಯಿಂದ ಕೊಚ್ಚಿಗೆ ಹೋಗಬೇಕಿದ್ದರೆ, ಅಥವಾ ರಾಂಚಿಯಲ್ಲಿ ವಿಮಾನ ಇಳಿದು ಬಸ್ಸಿನಲ್ಲಿ ಜಮ್‌ಶೆಡ್‌ಪುರಕ್ಕೆ ಹೋಗಬೇಕಿದ್ದರೆ, ಅಭ್ಯಾಸಕ್ಕೆ ಉಳಿಯುವುದು ಒಂದೇ ಬೆಳಗು. ನಿಯಮ ಹೀಗಿರಲಿ: ಕೊನೆಯ ಸೀಟಿಯಿಂದ ಮುಂದಿನ ಆರಂಭದವರೆಗೆ ಕನಿಷ್ಠ 72 ಗಂಟೆ. ಎದುರಾಳಿಗಳಲ್ಲಿ ಒಬ್ಬರಿಗೆ 5 ದಿನಕ್ಕಿಂತ ಕಡಿಮೆ ಬಿಡುವಿದ್ದರೆ ಇನ್ನೊಬ್ಬರಿಗೆ ಅದಕ್ಕಿಂತ ಒಂದು ದಿನಕ್ಕಿಂತ ಹೆಚ್ಚು ಇರಬಾರದು. ಸೋಮವಾರ ಆಡಿದವರಿಗೆ ಮುಂದಿನ ಶನಿವಾರದ ಮೊದಲು ಪಂದ್ಯ ಬೇಡ. 6 ದಿನಕ್ಕೂ 9 ದಿನಕ್ಕೂ ಇರುವ ಅಂತರ ಕಾಲಿಗೆ ತಿಳಿಯುವುದಿಲ್ಲ. 3ಕ್ಕೂ 5ಕ್ಕೂ ಇರುವುದು ಖಂಡಿತ ತಿಳಿಯುತ್ತದೆ. ಹಾಗಾಗಿ ಎಲ್ಲರ ಬಿಡುವಿನ ಸರಾಸರಿ ಸಮ ಇದೆ ಎಂಬ ಸಮರ್ಥನೆ ಇಲ್ಲಿ ಸಲ್ಲದು. ಸರಾಸರಿಯೊಳಗೆ ಮೂರು ದಿನದ ಪಂದ್ಯಗಳು ಅಡಗಿ ಕೂರುತ್ತವೆ.

ಪ್ರಯಾಣ ಕಡಿಮೆ ಮಾಡಲು ಹೊರಗಿನ ಎರಡು ಪಂದ್ಯಗಳನ್ನು ಒಟ್ಟುಗೂಡಿಸಿ, ಉದಾಹರಣೆಗೆ ಬಿಎಫ್‌ಸಿ ಜಮ್‌ಶೆಡ್‌ಪುರ ಮುಗಿಸಿ ಹಾಗೆಯೇ ಕೋಲ್ಕತ್ತಕ್ಕೆ ಹೋಗಲಿ ಎಂಬ ಸಲಹೆ ಆಗಾಗ ಬರುತ್ತದೆ. ಎರಡು ಪಂದ್ಯಗಳ ನಡುವೆ 3-4 ದಿನ ಇದ್ದರೆ ಮಾತ್ರ ಅದಕ್ಕೆ ಅರ್ಥ. ವಾರಕ್ಕೊಂದು ಪಂದ್ಯವಿದ್ದರೆ ತಂಡ ಹೇಗೂ ಊರಿಗೆ ಮರಳುತ್ತದೆ. ಪ್ರಯಾಣವೂ ಉಳಿಯಲಿಲ್ಲ, ಬ್ರೇಕೂ ತಲೆಗೆ ಬಂತು. ತಂಡಕ್ಕಿರುವ ಎರಡು ಬ್ರೇಕ್‌ಗಳಲ್ಲಿ ಹೊರಗಿನ ಜೋಡಿ ಎಲ್ಲಿ ಬೀಳುತ್ತದೋ ಅಲ್ಲಿ ಅಕ್ಕಪಕ್ಕದ ಊರುಗಳು ಸಿಗುವಂತೆ ಸಂಖ್ಯೆ ಹಂಚಿದರೆ ಸಾಕು.

ಇನ್ನೊಂದು ದೋಷವನ್ನು ಗಣಿತದವರು ಹೆಚ್ಚಾಗಿ ಚರ್ಚಿಸುತ್ತಾರೆ. ಮೇಲಿನ ಕ್ರಮದಲ್ಲಿ 3ನೆಯ ತಂಡದ ಎದುರಾಳಿಗಳನ್ನು ನೋಡಿ: 13ರಲ್ಲಿ 10 ಮಂದಿ ಅದರ ಹಿಂದಿನ ಸುತ್ತಿನಲ್ಲಿ 1ನೆಯ ತಂಡದ ಜತೆ ಆಡಿ ಬಂದವರು. 1 ತುಂಬ ಬಲಿಷ್ಠ ತಂಡವಾದರೆ 3ಕ್ಕೆ ದಣಿದ, ಗಾಯಗೊಂಡ, ಕಾರ್ಡ್ ಪಡೆದ ಎದುರಾಳಿಗಳೇ ಸಿಗುತ್ತಾರೆ ಎಂಬುದು ಆಕ್ಷೇಪ. ತಂಡಗಳು 4, 8, 16 ಇದ್ದಾಗ ಇದನ್ನು ಸಂಪೂರ್ಣ ಸಮಗೊಳಿಸುವ ಪಟ್ಟಿ ಇದೆ. 14 ಇದ್ದಾಗ ಸುತ್ತುಗಳ ಕ್ರಮವನ್ನು ಕಲಸಿ ಹತ್ತನ್ನು ಇಳಿಸಬಹುದು, ಬದಲಿಗೆ ಬ್ರೇಕ್ ಹೆಚ್ಚಾಗುತ್ತವೆ. ಬೆಲ್ಜಿಯಂ ಲೀಗಿನ ಹಲವು ಋತುಗಳ ಫಲಿತಾಂಶ ಪರಿಶೀಲಿಸಿದ ಸಂಶೋಧಕರಿಗೆ ಇಂಥ ಪರಿಣಾಮ ಕಂಡುಬಂದಿಲ್ಲ. ಆದ್ದರಿಂದ ಇದಕ್ಕಾಗಿ ಬ್ರೇಕ್‌ಗಳನ್ನು ಬಲಿಕೊಡಬಾರದು. 1ನೆಯ ಸಂಖ್ಯೆ ಮಧ್ಯಭಾಗದ ತಂಡಕ್ಕೆ ಹೋಗಲಿ ಎಂದು ಮೇಲೆ ಹೇಳಿದ್ದರಿಂದ ಅದರ ಮಟ್ಟಿಗೆ ಆಕ್ಷೇಪ ತಣ್ಣಗಾಗುತ್ತದೆ. ಉಳಿದ ಬಲಿಷ್ಠರ ವಿಷಯದಲ್ಲಿ, ಎರಡು ಸಂಖ್ಯೆ ಮುಂದಿರುವ ತಂಡ ಪ್ರಶಸ್ತಿಗೆ ನೇರ ಪೈಪೋಟಿಯದ್ದಾಗಬಾರದು.

ಕೊನೆಯ ಸುತ್ತುಗಳ ಬಗ್ಗೆ ರಾಜಿ ಸಾಧ್ಯವಿಲ್ಲ. 1982ರ ಜೂನ್ 25ರಂದು ಸ್ಪೇನ್‌ನ ಖಿಖೋನ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಏನು ಮಾಡಿದವು ಎಂಬುದು ಫುಟ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಅದೇ ಗುಂಪಿನ ಅಲ್ಜೀರಿಯ ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿತ್ತು. ಪಶ್ಚಿಮ ಜರ್ಮನಿ 1-0 ಗೆದ್ದರೆ ಇಬ್ಬರೂ ಮುಂದಿನ ಹಂತಕ್ಕೆ, ಅಲ್ಜೀರಿಯ ಹೊರಕ್ಕೆ ಎಂದು ತಿಳಿದಿದ್ದ ಎರಡು ತಂಡಗಳು ಮೊದಲ ಗೋಲಿನ ನಂತರ ಚೆಂಡನ್ನು ಅತ್ತಿತ್ತ ತಳ್ಳುತ್ತ ಸಮಯ ಕಳೆದವು. ಆ ಬಳಿಕ ವಿಶ್ವಕಪ್ ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿವೆ. ಲೀಗಿನಲ್ಲಿ 25 ಮತ್ತು 26ನೆಯ ಸುತ್ತಿನ ಏಳೂ ಪಂದ್ಯಗಳು ಒಂದೇ ದಿನ, ಒಂದೇ ಗಂಟೆಗೆ ಆರಂಭವಾಗಬೇಕು. ಪ್ರಸಾರಕರಿಗೆ ಇದು ನಷ್ಟ ಎನ್ನುವುದಾದರೆ 25ನೆಯ ಸುತ್ತಿನಲ್ಲಿ ಒಂದೇ ಸ್ಥಾನಕ್ಕೆ ಪೈಪೋಟಿ ಇರುವ ಪಂದ್ಯಗಳಾದರೂ ಒಟ್ಟಿಗೆ ಇರಲಿ. 26ರಲ್ಲಿ ಯಾವ ವಿನಾಯಿತಿಯೂ ಬೇಡ.

ಮುಂದೂಡಿಕೆ ತಪ್ಪಿಸಲಾಗದು, ಮಳೆ, ಚುನಾವಣೆ, ಬಂದ್ ಯಾರ ಕೈಯಲ್ಲೂ ಇಲ್ಲ. ತಪ್ಪಿಸಬಹುದಾದದ್ದು ಆಮೇಲಿನ ಗೊಂದಲ. ಮುಂದೂಡಿದ ಪಂದ್ಯವನ್ನು ಮೊದಲೇ ಕಾಯ್ದಿರಿಸಿದ ಎರಡು ವಾರಾಂತ್ಯಗಳಲ್ಲಿ ಅಥವಾ ವಾರದ ನಡುವಿನ ಎರಡು ನಿಗದಿತ ದಿನಗಳಲ್ಲಿ ಆಡಿಸಬೇಕು. ಯಾವುದೇ ಬಾಕಿ ಪಂದ್ಯ 24ನೆಯ ಸುತ್ತಿನಾಚೆ ಉಳಿಯಬಾರದು. ಬಾಕಿ ಪಂದ್ಯವಿರುವ ತಂಡ ಇತರರ ಫಲಿತಾಂಶ ನೋಡಿಕೊಂಡು ಆಡುವಂತಾದರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆತಿಥೇಯರ ತಪ್ಪಿನಿಂದ ಅಂಗಳ ಸಿಗದಿದ್ದರೆ ಪಂದ್ಯ ಮುಂದೂಡುವ ಬದಲು ಅದೇ ದಿನ ಎದುರಾಳಿಯ ಅಂಗಳಕ್ಕೆ ವರ್ಗವಾಗಬೇಕು, ಎರಡನೆಯ ಅರ್ಧದ ಪಂದ್ಯ ಮಗುಚಿಕೊಳ್ಳಬೇಕು. ಎರಡನೆಯ ಅರ್ಧದಲ್ಲೇ ಹೀಗಾದರೆ ತಟಸ್ಥ ಅಂಗಳವೇ ಗತಿ, ಖರ್ಚು ಆತಿಥೇಯರದು.

ಕೆಲಸದ ಕ್ರಮ ಹೀಗಿರಬೇಕೆಂದು ನಮ್ಮ ಮನವಿ. ಮೊದಲು ನಿಯಮಗಳ ಪಟ್ಟಿ ಪ್ರಕಟವಾಗಲಿ: ಯಾವುದು ಮುರಿಯಬಾರದ್ದು, ಯಾವುದು ಸಾಧ್ಯವಾದಷ್ಟು ಪಾಲಿಸತಕ್ಕದ್ದು. ಕ್ಲಬ್‌ಗಳಿಗೆ 10 ದಿನ ಕಾಲಾವಕಾಶ ಕೊಟ್ಟು ಬೇಡದ ದಿನಾಂಕ ತರಿಸಿಕೊಳ್ಳಲಿ. ಬಳಿಕ ಸಂಖ್ಯೆಗಳಿರುವ ಖಾಲಿ ಪಟ್ಟಿ ಪ್ರಕಟವಾಗಲಿ. ಕೋಲ್ಕತ್ತದಂಥ ಕಡ್ಡಾಯ ಜೋಡಿಗಳನ್ನು ಇಟ್ಟು, ಉಳಿದ ಸಂಖ್ಯೆಗಳಿಗೆ ಎಲ್ಲ ಕ್ಲಬ್‌ಗಳ ಎದುರು ಚೀಟಿ ಎತ್ತಲಿ. ಮುರಿಯಬಾರದ ನಿಯಮ ಮುರಿದರೆ ಆ ಚೀಟಿ ರದ್ದು, ಮತ್ತೆ ಎತ್ತುವುದು. ದಿನ, ಗಂಟೆ ನಿಗದಿಯಾಗುವುದು ಅದರ ನಂತರ. ಪಟ್ಟಿಯ ಜತೆಗೆ ಒಂದು ಪುಟದ ಲೆಕ್ಕವೂ ಹೊರಬರಲಿ: ಪ್ರತಿ ತಂಡಕ್ಕೆ ಎಷ್ಟು ಬ್ರೇಕ್, 5 ದಿನಕ್ಕಿಂತ ಕಡಿಮೆ ಬಿಡುವಿನ ಪಂದ್ಯ ಎಷ್ಟು, ಸೋಮವಾರ ಮತ್ತು ಗುರುವಾರದ ಪಂದ್ಯ ಎಷ್ಟು, ಸಂಜೆ 5ರ ಬಿಸಿಲಿನ ಪಂದ್ಯ ಎಷ್ಟು, ಒಟ್ಟು ಪ್ರಯಾಣ ಎಷ್ಟು ಕಿಲೋಮೀಟರ್, ಹಿಂದಿನ ಋತುವಿನ ಮೊದಲ ನಾಲ್ಕು ತಂಡಗಳ ವಿರುದ್ಧ ಮೊದಲ ಅರ್ಧದಲ್ಲಿ ತವರಿನ ಪಂದ್ಯ ಎಷ್ಟು. ಹದಿನಾಲ್ಕು ಸಾಲು, ಆರು ಅಂಕಣ. ಋತು ಮುಗಿದ ಮೇಲೆ ನಿಜವಾಗಿ ನಡೆದದ್ದನ್ನು ಅದರ ಪಕ್ಕದಲ್ಲೇ ತುಂಬಿ ಮತ್ತೊಮ್ಮೆ ಪ್ರಕಟಿಸಲಿ. ಆ ಪುಟ ಬಂದ ದಿನ ತಮ್ಮ ಕ್ರೀಡಾ ಪುಟದಲ್ಲಿ ಅದಕ್ಕೆ ಜಾಗ ಕೊಡಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ಕ್ರೀಡಾ ಪುಟದ ಇಬ್ಬರು ಓದುಗರು, ಬೆಂಗಳೂರು